ಕೀಲಿಕೈ ಯಾರ ಹತ್ತಿರ ಇತ್ತು? ಮೀಠಿ ದಂಡೆಯ ಒಂದು ರಾತ್ರಿಯ ಪ್ರಕರಣ

2019ರ ಜುಲೈ 1, ಸೋಮವಾರ. ರಾತ್ರಿ ಹನ್ನೊಂದು ದಾಟಿತ್ತು. ಮುಂಬೈಯ ಮೀಠಿ ನದಿಯ ದಂಡೆಯಲ್ಲಿರುವ ಒಂದು ವಸ್ತಿಯಿಂದ ನನಗೆ ಫೋನ್ ಬಂತು.

"ಅಕ್ಕೋರ, ನೀರು ಬಾಲವಾಡಿ ಕಟ್ಟಿಗೆ ಬಂತ್ರೀ. ಶಾಲಿ ಗೇಟಿಗೆ ಕೀಲಿ ಹಾಕೈತಿ. ಈಗ ಎಲ್ಲಿ ಹೋಗೂದು?"

ಮಾತಾಡಿದ್ದು ನನ್ನ ಹಳೆಯ ವಿದ್ಯಾರ್ಥಿ. ಆ ವಸ್ತಿಯಲ್ಲಿ ನಾನು ಬಹಳ ವರ್ಷ ಸಂಜೆ ಹೊತ್ತು ಕನ್ನಡ ಪಾಠ ಮಾಡಿದ್ದೇನೆ. ಅಲ್ಲಿನ ಅರ್ಧಕ್ಕರ್ಧ ಮನೆಗಳು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರದ್ದು. ಗಂಡಸರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಹೆಂಗಸರು ಮನೆಗೆಲಸಕ್ಕೆ. ಕೆಲವರು ಮಳೆಗಾಲಕ್ಕೆ ಮುಂಚೆ ಗುತ್ತಿಗೆದಾರರ ಕೆಳಗೆ ನಾಲೆಯ ಹೂಳು ಎತ್ತುತ್ತಾರೆ. ವಸ್ತಿ, ವಾರ್ಡು, ಶಾಲೆಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಜನ ಇನ್ನೂ ಅಲ್ಲೇ ಇದ್ದಾರೆ, ಅದೇ ನದಿಯ ಪಕ್ಕದಲ್ಲಿ.

ಆ ರಾತ್ರಿ ನಡೆದದ್ದನ್ನು ಪೂರ್ತಿಯಾಗಿ ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಗರಪಾಲಿಕೆಯ ವಿಪತ್ತು ಯೋಜನೆ ಅಂದರೆ ನಾವು ಪಂಪು, ದೋಣಿ, ಕಂಟ್ರೋಲ್ ರೂಮ್ ಅಂತ ಯೋಚಿಸುತ್ತೇವೆ. ಅವೆಲ್ಲ ಬೇಕು, ನಿಜ. ಆದರೆ ಅಂದು ನಾವು ಸಿಕ್ಕಿಹಾಕಿಕೊಂಡದ್ದು ಒಂದು ಕೀಲಿಕೈಗೆ.

ನದಿಯೂ ಊರೂ

ಮೀಠಿ ಹದಿನೆಂಟು ಕಿಲೋಮೀಟರಿಗೂ ಕಡಿಮೆ ಉದ್ದದ ನದಿ. ವಿಹಾರ್ ಮತ್ತು ಪವಾಯಿ ಕೆರೆಗಳು ತುಂಬಿ ಚೆಲ್ಲಿದ ನೀರೇ ಅದರ ಹುಟ್ಟು. ವಿಮಾನ ನಿಲ್ದಾಣದ ರನ್‌ವೇ ಕೆಳಗೆ ನುಸುಳಿ, ಕುರ್ಲಾ ದಾಟಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಪಕ್ಕ ಹರಿದು ಮಾಹಿಮ್‌ನಲ್ಲಿ ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ಅದನ್ನು ನದಿ ಅಂತ ಯಾರೂ ಕರೆಯುವುದಿಲ್ಲ, ನಾಲಾ ಅಂತಾರೆ. 2005ರ ಜುಲೈ 26ರ ನಂತರವೇ ತುಂಬಾ ಜನರಿಗೆ ಅದು ನದಿ ಅಂತ ಗೊತ್ತಾದದ್ದು.

ಆ ದಿನ ಸಾಂತಾಕ್ರೂಜ್‌ನ ಮಳೆಮಾಪಕದಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ. ದಕ್ಷಿಣದ ಕೊಲಾಬಾದಲ್ಲಿ ಬರೀ 73. ಒಂದೇ ಊರು! ಪಾಲಿಕೆಯ ಮುಖ್ಯ ಕಚೇರಿ ಇರುವುದು ದಕ್ಷಿಣದಲ್ಲಿ, ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಎದುರಿಗೆ. ಅಲ್ಲಿ ಕಿಟಕಿಯಿಂದ ನೋಡಿದರೆ ಕಂಡದ್ದು ಮಾಮೂಲಿ ಮಳೆ. ಅದೇ ಹೊತ್ತಿಗೆ ಕುರ್ಲಾ, ಕಲೀನಾದಲ್ಲಿ ಜನ ಛಾವಣಿ ಏರಿ ಕೂತಿದ್ದರು. ಮುಂಬೈಯಲ್ಲೇ ನಾನೂರಕ್ಕೂ ಹೆಚ್ಚು ಜನ ಸತ್ತರು. ಊರಿನ ಹಳೆಯ ಮಳೆನೀರ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ ಕಟ್ಟಿದವು. ಅದನ್ನು 50ಕ್ಕೆ ಏರಿಸಬೇಕೆಂಬ ವರದಿ 1993ರಲ್ಲೇ ಬಂದಿತ್ತು.

2005ರ ನಂತರ ಕೆಲಸ ಆಗಿದೆ, ಆಗಿಲ್ಲ ಅನ್ನುವುದು ತಪ್ಪಾಗುತ್ತದೆ. ಜಲತಜ್ಞ ಮಾಧವರಾವ್ ಚಿತಳೆ ಅವರ ಸಮಿತಿ ಪ್ರವಾಹದ ಕಾರಣಗಳನ್ನು ಬಿಡಿಸಿ ನೋಡಿತು. ಊರಿನ ತುಂಬ ತಾನೇ ಅಳೆಯುವ ಮಳೆಮಾಪಕಗಳು ಬಂದವು. ಹಾಜಿ ಅಲಿ, ಇರ್ಲಾ, ಬ್ರಿಟಾನಿಯಾ ಮುಂತಾದ ಕಡೆ ನೀರೆತ್ತುವ ದೊಡ್ಡ ಪಂಪಿಂಗ್ ಸ್ಟೇಷನ್‌ಗಳು ಎದ್ದವು. ಪಾಲಿಕೆಯ ಸಹಾಯವಾಣಿ 1916ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಫೋನ್ ಎತ್ತುತ್ತಾರೆ. ಅದೇ 2005ರ ಡಿಸೆಂಬರಿನಲ್ಲಿ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ 41ನೇ ಕಲಮು ಸ್ಥಳೀಯ ಸಂಸ್ಥೆಗಳ ಕೆಲಸ ಏನು ಅಂತ ಹೇಳುತ್ತದೆ: ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಾಮಾನು ಸರಂಜಾಮು ಯಾವ ಹೊತ್ತಿಗೂ ಕೆಲಸಕ್ಕೆ ಬರುವಂತೆ ಇಟ್ಟಿರಬೇಕು, ಪರಿಹಾರ ಕೆಲಸ ಮಾಡಬೇಕು.

ಯಾವ ಹೊತ್ತಿಗೂ ಕೆಲಸಕ್ಕೆ ಬರುವಂತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಕಾಗದದ ಮೇಲೆ ಇದ್ದದ್ದು

ಪ್ರತಿ ವಾರ್ಡಿಗೂ ಒಂದು ಮಳೆಗಾಲದ ಯೋಜನೆ ಇರುತ್ತದೆ. ನೀರು ನಿಲ್ಲುವ ಜಾಗಗಳು, ಗುಡ್ಡ ಕುಸಿಯುವ ಜಾಗಗಳು, ಜನರನ್ನು ಕರೆದೊಯ್ದು ಇಡಬೇಕಾದ ಶಾಲೆಗಳು, ಅಧಿಕಾರಿಗಳ ನಂಬರುಗಳು. ಸಮುದ್ರದ ಉಬ್ಬರ ನಾಲ್ಕೂವರೆ ಮೀಟರ್ ಮೀರುವ ದಿನಗಳ ಪಟ್ಟಿ ಮಳೆಗಾಲಕ್ಕೆ ಮುಂಚೆಯೇ ಪ್ರಕಟವಾಗುತ್ತದೆ. ಆ ಪಟ್ಟಿ ಯಾಕೆ ಮುಖ್ಯ ಅಂದರೆ, ಅಷ್ಟು ಎತ್ತರದ ಉಬ್ಬರ ಬಂದಾಗ ಊರಿನ ನೀರು ಸಮುದ್ರಕ್ಕೆ ಹೋಗುವುದಿಲ್ಲ. ಚರಂಡಿಗಳ ಬಾಯಿಯ ಗೇಟು ಮುಚ್ಚದಿದ್ದರೆ ಸಮುದ್ರವೇ ಒಳಗೆ ಬರುತ್ತದೆ. ಅದೇ ಹೊತ್ತಿಗೆ ಜೋರು ಮಳೆಯೂ ಬಂದರೆ ಪಂಪೇ ಗತಿ.

ನಮ್ಮ ವಸ್ತಿಗೆ ಗೊತ್ತು ಮಾಡಿದ ಶಾಲೆ ಐದು ನಿಮಿಷದ ದಾರಿ. ಎರಡು ಮಹಡಿ, ಗಟ್ಟಿ ಕಟ್ಟಡ, ರಸ್ತೆಗಿಂತ ಎತ್ತರದಲ್ಲಿದೆ. ಆರಿಸಿದವರು ಸರಿಯಾಗಿಯೇ ಆರಿಸಿದ್ದರು. ಪಟ್ಟಿಯಲ್ಲಿ ಶಾಲೆಯ ಹೆಸರಿನ ಮುಂದೆ ಒಂದು ಫೋನ್ ನಂಬರೂ ಇತ್ತು.

ಆ ರಾತ್ರಿ

ಮರುದಿನ ಅಮಾವಾಸ್ಯೆ. ಮುಂಬೈಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರ ನಡುಮಧ್ಯಾಹ್ನಕ್ಕೂ ನಡುರಾತ್ರಿಗೂ ಹತ್ತಿರ ಬರುತ್ತದೆ. ವಸ್ತಿಯ ಹಳಬರಿಗೆ ಇದು ಲೆಕ್ಕವಿಲ್ಲದೆಯೇ ಗೊತ್ತು. "ಅಮಾಸಿ ರಾತ್ರಿ ಮಳಿ ಹೊಡದ್ರ ನಿದ್ದಿ ಮಾಡಬಾರ್ದು" ಅಂತ ಅಲ್ಲಿನ ಅಜ್ಜಿಯೊಬ್ಬರು ಯಾವಾಗಲೂ ಹೇಳುತ್ತಿದ್ದರು. ಮರುದಿನ ಬೆಳಗ್ಗೆ ಎಂಟೂವರೆಗೆ ಸಾಂತಾಕ್ರೂಜ್‌ನ ಲೆಕ್ಕ ಬಂದಾಗ 24 ಗಂಟೆಯಲ್ಲಿ 375.2 ಮಿಲಿಮೀಟರ್. 2005ರ ನಂತರ ಅಷ್ಟು ಮಳೆ ಒಂದೇ ದಿನ ಬಂದಿರಲಿಲ್ಲ.

ನಾನು ಹೋಗಿ ತಲುಪಿದಾಗ ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಕರೆಂಟ್ ತೆಗೆದಿದ್ದರು, ಅದು ಒಳ್ಳೆಯದೇ ಆಯಿತು. ಬಾಲವಾಡಿಯ ಗೋಡೆಯ ಮೇಲೆ 2005ರ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಯಾರೋ ಆಗಲೇ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದರು. ಆ ಗೆರೆ ನನ್ನ ತಲೆಗಿಂತ ಮೇಲಿದೆ. ಎಲ್ಲರೂ ಮೊಬೈಲ್ ಬೆಳಕನ್ನು ಅದೇ ಗೋಡೆಗೆ ಹಿಡಿದು ನೋಡುತ್ತಿದ್ದರು. ನೀರಿಗೂ ಗೆರೆಗೂ ಇನ್ನೂ ಎಷ್ಟು ದೂರ ಅಂತ.

ಪಾಲಿಕೆಯ ಜೀಪು ಬಂದಿತ್ತು. ಧ್ವನಿವರ್ಧಕದಲ್ಲಿ ಕೂಗಿಯೂ ಆಗಿತ್ತು, ಮರಾಠಿಯಲ್ಲಿ, ಹಿಂದಿಯಲ್ಲಿ. ಕೆಲಸಕ್ಕೆ ಹೋಗುವವರಿಗೆ ಅರ್ಥವಾಯಿತು. ಆದರೆ ಊರಿಂದ ಮಗನ ಮನೆಗೆ ಬಂದು ಆರು ತಿಂಗಳೂ ಆಗದ ಮುದುಕಿಗೆ? "ಏನ್ ಒದರಾಕತ್ತಾರ ಅವ್ರು? ಮನಿ ಒಡಿಯಾಕ ಬಂದಾರೇನು?" ಅಂತ ಆಕೆ ನನ್ನ ಕೈ ಹಿಡಿದು ಕೇಳಿದಳು. ಮುಂಬೈ ಪಾಲಿಕೆ ಎಂಟು ಭಾಷೆಯಲ್ಲಿ ಶಾಲೆ ನಡೆಸಿದ ಊರು, ಕನ್ನಡವೂ ಅದರಲ್ಲಿ ಒಂದು. ಅಂಥ ಊರಲ್ಲಿ ನೀರು ಬಂತು ಅನ್ನುವ ಮಾತು ಆ ಅಜ್ಜಿಗೆ ತಿಳಿಯುವ ಭಾಷೆಯಲ್ಲಿ ಇರಲಿಲ್ಲ.

ಇನ್ನು ಶಾಲೆ. ಗೇಟಿನ ಮುಂದೆ ಅರವತ್ತು ಎಪ್ಪತ್ತು ಜನ ಮಳೆಯಲ್ಲಿ ನಿಂತಿದ್ದರು. ಕಂಕುಳಲ್ಲಿ ಮಕ್ಕಳು, ತಲೆ ಮೇಲೆ ಗಂಟು. ಗೇಟಿಗೆ ಅಂಗೈಯಗಲದ ಕೀಲಿ. ಪಟ್ಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಎತ್ತಿದವರು ಹಳೆಯ ಮುಖ್ಯೋಪಾಧ್ಯಾಯರ ಮಗ. ಅಪ್ಪ ರಿಟೈರ್ ಆಗಿ ಎರಡು ವರ್ಷ ಆಯಿತು ಅಂದರು. ಪಾಪ, ಅವರೇ ಗಾಬರಿಯಾಗಿ ಇನ್ನಿಬ್ಬರ ನಂಬರ್ ಹುಡುಕಿ ಕೊಟ್ಟರು. ವಾಚ್‌ಮನ್ ಕೊಂಕಣದವನು. ಜುಲೈ ತಿಂಗಳು, ಭತ್ತದ ನಾಟಿ ಸಮಯ. ರಜೆ ಹಾಕಿ ಊರಿಗೆ ಹೋಗಿದ್ದ. ಬದಲಿಗೆ ಬಂದವನು ಹಗಲು ಮಾತ್ರ ಇರುತ್ತಿದ್ದ. ಇನ್ನೊಂದು ಕೀಲಿಕೈ ಇದೆಯಾ ಅಂತ ಕೇಳಿದೆವು. ಇದೆ. ಎಲ್ಲಿ? ಶಾಲೆಯ ಒಳಗೆ, ಆಫೀಸಿನ ಕಬ್ಬಿಣದ ಕಪಾಟಿನಲ್ಲಿ.

ನಲವತ್ತು ನಿಮಿಷ ಹೀಗೇ ಹೋಯಿತು. ಅಷ್ಟರಲ್ಲಿ ನಾಲ್ಕಾರು ಮನೆಯವರು "ಇಲ್ಲಿ ನಿಂತು ನೆನೆಯೋದಕ್ಕಿಂತ ಮನೆಯ ಮಾಳಿಗೆಯೇ ಮೇಲು" ಅಂತ ವಾಪಸ್ ನೀರಿನೊಳಗೆ ಇಳಿದರು. ಆ ರಾತ್ರಿ ನನಗೆ ನಿಜವಾಗಿ ಭಯವಾದದ್ದು ಆಗ. ಹೊರಗೆ ಕರೆತಂದ ಮೇಲೆ ಜಾಗ ಇಲ್ಲ ಅಂದರೆ, ಮುಂದಿನ ಸಲ ಅವರು ಹೊರಗೆ ಬರುವುದೇ ಇಲ್ಲ.

ಕೊನೆಗೆ ಜೀಪಿನೊಂದಿಗೆ ಬಂದಿದ್ದ ಒಬ್ಬ ಕಿರಿಯ ಅಧಿಕಾರಿ ಕೀಲಿಯನ್ನು ಒಮ್ಮೆ, ಜನರನ್ನು ಒಮ್ಮೆ ನೋಡಿದ. "ತೋಡಾ. ಮೀ ಲಿಹೂನ್ ದೇತೋ" ಅಂದ. ಒಡೀರಿ, ನಾನು ಬರೆದುಕೊಡುತ್ತೇನೆ ಅಂತ. ಗೌಂಡಿ ಕೆಲಸದ ಹುಡುಗರು ಮನೆಯಿಂದ ಹಾರೆ ತಂದರು. ಎರಡೇ ಏಟು. ಆ ಅಧಿಕಾರಿ ಒದ್ದೆ ಕೈಯಲ್ಲೇ ಜೇಬಿನ ಡೈರಿಯಲ್ಲಿ ಬರೆದು ಸಹಿ ಹಾಕಿ ಹಾಳೆ ಹರಿದು ಕೊಟ್ಟ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಶಾಯಿ ಹರಡಿದೆ, ಸಹಿ ಮಾತ್ರ ಕಾಣುತ್ತದೆ. ಕಾಯ್ದೆ, ಕಲಮು ಎಲ್ಲದರ ಬದಲಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಜವಾಬ್ದಾರಿ ನನ್ನದು ಅನ್ನುವ ಒಬ್ಬ ಮನುಷ್ಯ.

ಒಳಗೆ ಹೋದ ಮೇಲಿನ ಕಷ್ಟ ಬೇರೆ. ಶೌಚಾಲಯಕ್ಕೆ ಇನ್ನೊಂದು ಕೀಲಿ. ಅದನ್ನೂ ಒಡೆದೆವು. ಕುಡಿಯುವ ನೀರು ಇಲ್ಲ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತಂದರು. ಆಕೆ ಅಲ್ಲಿದ್ದಾಳೆ ಅಂತ ನಮಗೆ ನೆನಪಾದದ್ದೇ ಒಂದೂವರೆಗೆ. ನಮ್ಮ ವಸ್ತಿಯಲ್ಲಿ ಅಂದು ಯಾರಿಗೂ ಜೀವಕ್ಕೆ ಅಪಾಯ ಆಗಲಿಲ್ಲ. ಅದೇ ರಾತ್ರಿ ಮಲಾಡಿನ ಪಿಂಪ್ರಿಪಾಡಾದಲ್ಲಿ ಗೋಡೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕುರ್ಲಾದ ಕ್ರಾಂತಿ ನಗರದಿಂದ ನೂರಾರು ಜನರನ್ನು ಹೊರಗೆ ಸಾಗಿಸಿದರು. ಬೆಳಗಾಗುವಷ್ಟರಲ್ಲಿ ಸರ್ಕಾರ ರಜೆ ಘೋಷಿಸಿತ್ತು.

ಯಾಕೆ ಹೊರಡಲಿಲ್ಲ?

"ಆ ಜನಕ್ಕೆ ಎಷ್ಟು ಹೇಳಿದರೂ ಕೇಳಲ್ಲ" ಅಂತ ಬಿಲ್ಡಿಂಗಿನವರು ಹೇಳುವುದನ್ನು ನಾನು ತುಂಬಾ ಕೇಳಿದ್ದೇನೆ. ಹಾಗಾಗಿ ಮುಂದಿನ ಎರಡು ವಾರ ಮನೆಮನೆಗೆ ಹೋಗಿ ಸುಮ್ನೆ ಕೂತು ಮಾತಾಡಿದೆ. ಜೀಪು ಕೂಗಿದ ಮೇಲೂ ಯಾಕೆ ಹೊರಡಲಿಲ್ಲ?

ಕಳ್ಳತನದ ಹೆದರಿಕೆ ಅಂತ ಕೆಲವರು ಅಂದರು. ನೀರು ಎಷ್ಟು ಬರಬಹುದು ಅಂತ ನೋಡೋಣ ಅಂದುಕೊಂಡೆವು ಅಂತ ಇನ್ನು ಕೆಲವರು. ಆದರೆ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೆಚ್ಚಿನವರು ಹೇಳಿದ್ದು ಬೇರೆ. "ಒಮ್ಮಿ ಹೊರಗ ಬಿದ್ರ ಮತ್ತ ಒಳಗ ಬಿಡ್ತಾರ ಅಂತ ಏನ್ ಖಾತ್ರಿ ಐತ್ರೀ?"

2005ರ ನಂತರ ಮೀಠಿಯನ್ನು ಅಗಲ ಮಾಡಲು, ಆಳ ಮಾಡಲು ದಂಡೆಯ ಸಾವಿರಾರು ಗುಡಿಸಲುಗಳನ್ನು ತೆಗೆದರು. ನದಿಗೆ ಜಾಗ ಬೇಕಿತ್ತು, ಅದು ಸತ್ಯ. ದುಡ್ಡಿಲ್ಲದೆ ಬದಲಿ ಮನೆ ಸಿಗುವುದು ದಾಖಲೆ ಇದ್ದವರಿಗೆ. 2000ದ ಜನವರಿ 1ಕ್ಕೂ ಮುಂಚೆ ಇಲ್ಲೇ ಇದ್ದೆವು ಅಂತ ತೋರಿಸಬೇಕು. ವರ್ಷಗಟ್ಟಲೆ ಊರು ಮುಂಬೈ ಅಂತ ಓಡಾಡಿದ ಕೂಲಿಯವರ ಹತ್ತಿರ ಅಂಥ ಕಾಗದ ಎಲ್ಲಿಂದ ಬರಬೇಕು? ಹಾಗಾಗಿ ಅವರ ಕಣ್ಣಿಗೆ ಒಡೆಯಲು ಬರುವ ಜೀಪೂ ಒಂದೇ, ಉಳಿಸಲು ಬರುವ ಜೀಪೂ ಒಂದೇ. ಮಧ್ಯರಾತ್ರಿ, ಮಳೆಯಲ್ಲಿ, ಅವೆರಡರಲ್ಲಿ ಇದು ಯಾವುದು ಅಂತ ಹೇಗೆ ತಿಳಿಯಬೇಕು? ಆ ಅಜ್ಜಿ ಕೇಳಿದ ಪ್ರಶ್ನೆ ಭಾಷೆ ಬಾರದವಳ ಪ್ರಶ್ನೆ ಅಂತ ಮೊದಲು ಅಂದುಕೊಂಡಿದ್ದೆ. ಎರಡು ವಾರದ ನಂತರ ಗೊತ್ತಾಯಿತು, ಭಾಷೆ ಬರುವವರೂ ಮನಸ್ಸಿನಲ್ಲಿ ಅದನ್ನೇ ಕೇಳಿಕೊಂಡಿದ್ದರು.

ನಾನು ಈ ಪ್ರಕರಣದಿಂದ ಕಲಿತದ್ದರಲ್ಲಿ ಇದೇ ದೊಡ್ಡದು. ನದಿಯ ಮಟ್ಟ ಎಷ್ಟು ಅಂತ ಯಂತ್ರ ಹೇಳುತ್ತದೆ. ಏಳು, ಹೊರಡು, ಮನೆ ಎಲ್ಲೂ ಹೋಗಲ್ಲ ಅಂತ ಹೇಳುವುದಕ್ಕೆ ಪರಿಚಯದ ಮುಖ ಬೇಕು.

ಅಂಥ ಮುಖ ನಮ್ಮ ವಸ್ತಿಯಲ್ಲಿ ಇತ್ತು. ನಾವೇ ನೋಡಿರಲಿಲ್ಲ. ನೀರು ಇಳಿದ ಮರುದಿನ ಪಾಲಿಕೆಯ ಆರೋಗ್ಯ ಸ್ವಯಂಸೇವಿಕೆ ಬಂದಳು. ಕೊಳೆ ನೀರಲ್ಲಿ ನಡೆದವರಿಗೆ ಇಲಿಜ್ವರ ಬರುವ ಅಪಾಯ ಇದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದ ಮೂಲಕ ಒಳಗೆ ಹೋಗುತ್ತದೆ. 2005ರಲ್ಲಿ ನೀರು ಇಳಿದ ಮೇಲೆ ಊರಲ್ಲಿ ಅದು ಹಬ್ಬಿತ್ತು. ಅದಕ್ಕೇ ಈಗ ಮೂರು ದಿನದೊಳಗೆ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಿ ಅಂತಾರೆ. ಆಕೆ ಪ್ರತಿ ಬಾಗಿಲ ಮುಂದೆ ನಿಂತು ಕಾಲು ತೋರಿಸಿ ಅಂದಳು. ಗಾಯ ಇದ್ದವರನ್ನು, ಬಸುರಿಯರನ್ನು ಬೇರೆ ಬರೆದುಕೊಂಡು ದವಾಖಾನೆಗೆ ಕಳಿಸಿದಳು. ಒಬ್ಬರೂ ಇಲ್ಲ ಅನ್ನಲಿಲ್ಲ.

ನಾನು ಆಕೆಯ ರಿಜಿಸ್ಟರ್ ನೋಡಿದೆ. ಮನೆ ನಂಬರ್ ಪ್ರಕಾರ ಎಲ್ಲವೂ ಇತ್ತು. ಯಾರು ಬಸುರಿ, ಯಾವ ಮನೆಯಲ್ಲಿ ಹಸುಗೂಸು, ಯಾರಿಗೆ ಟಿಬಿ, ಯಾರಿಗೆ ಸಕ್ಕರೆ ಕಾಯಿಲೆ. ಸೊಂಟ ಮುರಿದ ಅಜ್ಜಿಯೂ ಅದರಲ್ಲಿದ್ದಳು. ಒಂದೂವರೆಗೆ ನಮಗೆ ನೆನಪಾದ ಅಜ್ಜಿ! ಯಾರನ್ನು ಮೊದಲು ಎತ್ತಿಕೊಂಡು ಬರಬೇಕು ಅನ್ನುವ ಪಟ್ಟಿ ಆಗಲೇ ಸಿದ್ಧವಾಗಿ ಆಕೆಯ ಬಟ್ಟೆ ಚೀಲದಲ್ಲಿ ಇತ್ತು. ಪ್ರವಾಹದ ಯೋಜನೆ ಒಂದು ಟೇಬಲ್ಲಿನ ಮೇಲೆ, ಆರೋಗ್ಯದ ರಿಜಿಸ್ಟರ್ ಇನ್ನೊಂದು ಟೇಬಲ್ಲಿನ ಮೇಲೆ. ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು.

ಆಮೇಲೆ ಮಾಡಿದ್ದು

ದೊಡ್ಡದೇನೂ ಮಾಡಲಿಲ್ಲ. ಶಾಲೆಯ ಹೊಸ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗಿ ಕೂತೆವು. ಮೊದಲು ಹಿಂಜರಿದರು. ಆಕೆಯ ಹೆದರಿಕೆಯೂ ಸರಿಯೇ, ನಾಳೆ ಶಾಲೆಯ ಕಂಪ್ಯೂಟರ್ ಹೋದರೆ ಕೇಳುವುದು ಅವರನ್ನೇ. ಕೊನೆಗೆ ಗೇಟು, ಕೆಳಗಿನ ಎರಡು ಕೋಣೆ, ಶೌಚಾಲಯ, ಇಷ್ಟರ ಕೀಲಿಕೈಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕೊಡಲು ಒಪ್ಪಿದರು, ಬರಹದಲ್ಲಿ. ಒಂದು ಗೊಂಚಲು ಆರೋಗ್ಯ ಸ್ವಯಂಸೇವಿಕೆಯ ಮನೆಯಲ್ಲಿ. ಇನ್ನೊಂದು ಮೂಲೆಯ ಕಿರಾಣಿ ಅಂಗಡಿಯಲ್ಲಿ, ಯಾಕೆಂದರೆ ಅಂಗಡಿಯವ ಮೇಲೆಯೇ ಮಲಗುತ್ತಾನೆ.

ಬಾಲವಾಡಿ ಗೋಡೆಯ ಹಳೆಯ ಕೆಂಪು ಗೆರೆ ಹಾಗೇ ಇದೆ. ಅದರ ಕೆಳಗೆ ಇನ್ನೆರಡು ಎಳೆದೆವು. ನೀರು ಮೆಟ್ಟಿಲಿಗೆ ತಾಗುವ ಕಡೆ ಹಳದಿ ಗೆರೆ. ಅಲ್ಲಿಗೆ ಬಂದರೆ ರಿಜಿಸ್ಟರಿನಲ್ಲಿ ಗುರುತು ಹಾಕಿದವರು ಹೊರಡಬೇಕು. ಮೊಣಕಾಲಿನ ಎತ್ತರಕ್ಕೆ ಕಿತ್ತಳೆ ಗೆರೆ. ಅಲ್ಲಿ ಎಲ್ಲರೂ. ಜೀಪಿಗೆ ಕಾಯಬಾರದು. ಉಬ್ಬರದ ದಿನಗಳ ಪಟ್ಟಿಯನ್ನು ಅಂಗಡಿಯ ಕಂಬಕ್ಕೆ ಅಂಟಿಸಿದೆವು. ಆ ದಿನ ಮಳೆಯೂ ಜೋರಿದ್ದರೆ ಹುಡುಗರು ಪಾಳಿಯ ಮೇಲೆ ಎಚ್ಚರ ಇರುತ್ತಾರೆ.

ಕನ್ನಡದಲ್ಲಿ ಒಂದು ಸಂದೇಶ ರೆಕಾರ್ಡ್ ಮಾಡಿಟ್ಟೆವು. ಗಣಪತಿ ಮಂಡಳದ ಸ್ಪೀಕರಿನಲ್ಲಿ ಅದನ್ನು ಹಾಕುತ್ತಾರೆ. ಅದನ್ನು ನಾನು ಓದಬಾರದು ಅಂತ ಹೆಂಗಸರು ಹಟ ಹಿಡಿದರು. "ನಿಮ್ಮ ಮಾತು ರೇಡಿಯೋದಾಗ ಕೇಳಿದಂಗ ಆಗ್ತೈತ್ರೀ ಅಕ್ಕೋರ." ಹಾಗಾಗಿ ಸೊಂಟ ಮುರಿದ ಅಜ್ಜಿಯ ಸೊಸೆ ಹೇಳಿದಳು. "ಮೀಠಿ ತುಂಬಿ ಬರಾಕತ್ಯಾಳ. ಕಾಗದದ ಚೀಲ, ಗುಳಿಗಿ, ಕೂಸು ತಗೊಂಡು ಶಾಲಿಗೆ ನಡೀರಿ. ಮನಿ ಎಲ್ಲೂ ಹೋಗೂದಿಲ್ಲ, ಹುಡುಗ್ರು ಕಾಯ್ತಾರ." ಕಾಗದದ ಚೀಲ ಅಂದರೆ ಆಧಾರ್, ರೇಷನ್ ಕಾರ್ಡ್, ಲೈಟ್ ಬಿಲ್, ಸರ್ವೆ ಚೀಟಿ ಇಟ್ಟ ಪ್ಲಾಸ್ಟಿಕ್ ಚೀಲ. ನಷ್ಟದ ಪಂಚನಾಮೆಗೆ ಅವು ಬೇಕು. ಪ್ರತಿ ಮನೆಯ ಬಾಗಿಲಿನ ಫೋಟೋ, ಆ ಕಾಗದಗಳ ಫೋಟೋ ಮನೆಯವರದೇ ಮೊಬೈಲಿನಲ್ಲಿ ತೆಗೆಸಿದೆವು. ಅದಾದ ಮೇಲೆ ಹೊರಡುವ ಮಾತಿಗೆ ಜನ ಮುಖ ತಿರುಗಿಸುವುದು ಕಡಿಮೆಯಾಯಿತು.

ಎಲ್ಲವೂ ಸಲೀಸಾಗಿ ಆಯಿತು ಅಂತ ಅಂದುಕೊಳ್ಳಬೇಡಿ. ವಾರ್ಡಿನ ಅಧಿಕಾರಿಗಳು ವರ್ಗವಾಗುತ್ತಾರೆ, ಪ್ರತಿ ಸಲ ಮತ್ತೆ ಮೊದಲಿಂದ ಹೇಳಬೇಕು. ಮೇ ತಿಂಗಳ ಭಾನುವಾರ ತಾಲೀಮು ಇಟ್ಟರೆ ಹೆಂಗಸರೂ ಮಕ್ಕಳೂ ಬರುತ್ತಾರೆ, ಗಂಡಸರು ಬರುವುದಿಲ್ಲ. ಪಾಳಿಯ ಹುಡುಗರಲ್ಲಿ ಮೂವರು ಲಾಕ್‌ಡೌನ್ ಹೊತ್ತಿಗೆ ಊರಿಗೆ ಹೋದವರು ಮತ್ತೆ ಬರಲಿಲ್ಲ. ಆ ನಡುವೆ ಪಾಲಿಕೆ ಹವಾಮಾನ ಇಲಾಖೆಯವರ ಜೊತೆ ಸೇರಿ 2020ರಲ್ಲಿ ಐ-ಫ್ಲೋಸ್ ಅನ್ನುವ ಪ್ರವಾಹ ಮುನ್ಸೂಚನೆ ವ್ಯವಸ್ಥೆ ತಂದಿತು. ಯಾವ ಭಾಗದಲ್ಲಿ ಎಷ್ಟು ನೀರು ನಿಲ್ಲಬಹುದು ಅಂತ ಮುಂಚೆಯೇ ತಿಳಿಯುವುದು ದೊಡ್ಡ ಮಾತು. ಆ ಸುದ್ದಿ ನಮ್ಮ ಹಳದಿ ಗೆರೆಯವರೆಗೂ ಬರಬೇಕು, ಅಷ್ಟೆ.

2025ರ ಆಗಸ್ಟ್ 19

ಮಂಗಳವಾರ, ರೆಡ್ ಅಲರ್ಟ್. ಶಾಲೆಗಳಿಗೆ ರಜೆ. ಕುರ್ಲಾದಲ್ಲಿ ಮೀಠಿಯ ಮಟ್ಟ 3.9 ಮೀಟರಿಗೆ ಏರಿತು. ಕ್ರಾಂತಿ ನಗರದಿಂದ ಮುನ್ನೂರಕ್ಕೂ ಹೆಚ್ಚು ಜನರನ್ನು ಸಾಗಿಸಿದರು. ಸೆಂಟ್ರಲ್ ಲೈನಿನಲ್ಲಿ ಲೋಕಲ್ ರೈಲು ನಿಂತಿತ್ತು. ಸಂಜೆ ಮೈಸೂರು ಕಾಲೊನಿ ಹತ್ತಿರ ಮೊನೊರೈಲು ಎತ್ತರದ ಹಳಿಯ ಮೇಲೆಯೇ ನಿಂತು, ಅಗ್ನಿಶಾಮಕದವರು ಏಣಿ ಹಾಕಿ ನೂರಾರು ಜನರನ್ನು ಇಳಿಸಿದರು.

ನಮ್ಮ ವಸ್ತಿಯಲ್ಲಿ ನೀರು ಹಳದಿ ಗೆರೆ ಮುಟ್ಟಿದ್ದು ಬೆಳಗ್ಗೆ. ಅಂಗಡಿಯವ ಕೀಲಿಕೈ ಹಿಡಿದು ಹೋಗಿ ಹತ್ತು ನಿಮಿಷದಲ್ಲಿ ಗೇಟು ತೆಗೆದ. ರಿಜಿಸ್ಟರಿನಲ್ಲಿದ್ದವರೆಲ್ಲ ಕಿತ್ತಳೆ ಗೆರೆಗೆ ಮುಂಚೆಯೇ ಶಾಲೆಯೊಳಗಿದ್ದರು. ಪ್ಲಾಸ್ಟಿಕ್ ಕುರ್ಚಿಯ ಅಜ್ಜಿ ಈಗಿಲ್ಲ, ತೀರಿಹೋಗಿ ಮೂರು ವರ್ಷ. ಆಕೆಯ ಸೊಸೆಯ ದನಿ ಸ್ಪೀಕರಿನಲ್ಲಿ ಬರುತ್ತಿತ್ತು. ಈ ಸಲ ಹೊರಡಿ ಅಂತ ಯಾರನ್ನೂ ಬೇಡಿಕೊಳ್ಳಬೇಕಾಗಲಿಲ್ಲ.

ಆದರೆ ಮಧ್ಯಾಹ್ನ ತಲೆ ಎಣಿಸುವಾಗ ಒಬ್ಬ ಹುಡುಗ ಹೇಳಿದ: ಕೊನೆಯ ಸಾಲಿನ ಮಾಳಿಗೆ ಮೇಲೆ ಯಾರೋ ಇದ್ದಾರೆ, ಕೂಸು ಅಳುತ್ತಿದೆ. ಹೋಗಿ ನೋಡಿದರೆ ರಾಯಚೂರು ಕಡೆಯ ಹುಡುಗಿ, ಹೆರಿಗೆಯಾಗಿ ಹನ್ನೆರಡು ದಿನ. ಬಾಡಿಗೆಗೆ ಬಂದು ತಿಂಗಳೂ ಆಗಿರಲಿಲ್ಲ. ಗಂಡ ಥಾಣೆ ನಗರಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಸ್ಪೀಕರ್ ಕೇಳಿಸಲಿಲ್ವಾ ಅಂದೆ. "ಕೇಳ್ಸಿತ್ರೀ. ಯಾವ ಶಾಲಿ, ಎಲ್ಲೈತಿ ಅಂತ ಗೊತ್ತಿರಲಿಲ್ಲ." ಕಬ್ಬಿಣದ ಆ ಕಿರಿದಾದ ಏಣಿಯಲ್ಲಿ ಬಾಣಂತಿಯನ್ನು ಇಳಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಕೂಸನ್ನು ನಾನೇ ಎತ್ತಿಕೊಂಡಿದ್ದೆ. ಟವೆಲಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು.

ನಮ್ಮ ಪಟ್ಟಿಯಲ್ಲಿ ಕೆಳಗಿನ ಮನೆಗಳು ಮಾತ್ರ ಇದ್ದವು. ಬಾಡಿಗೆಯವರು ಹನ್ನೊಂದು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಕೆಲವೊಮ್ಮೆ ಎರಡೇ ತಿಂಗಳಿಗೆ. ಆರೋಗ್ಯ ಸ್ವಯಂಸೇವಿಕೆಯ ರಿಜಿಸ್ಟರಿಗೂ ಅವರು ತಡವಾಗಿ ಸೇರುತ್ತಾರೆ. ಇದಕ್ಕೆ ದಾರಿ ಹುಡುಕಲು ಸೆಪ್ಟೆಂಬರಿನಲ್ಲಿ ಎಲ್ಲರೂ ಬಾಲವಾಡಿಯಲ್ಲಿ ಕೂತೆವು. ಕಿರಾಣಿಯವ ಹೊಸ ನೋಟ್‌ಬುಕ್ ಒಂದನ್ನು ತಂದಿದ್ದ. ಮಾಳಿಗೆ ಮನೆಗಳ ಹೆಸರುಗಳನ್ನು ತಾನೇ ಬರೆದುಕೊಳ್ಳುತ್ತೇನೆ ಅಂದ. ಹೊಸದಾಗಿ ಬಂದವರು ಮೊದಲ ವಾರದಲ್ಲೇ ಉದ್ರಿ ಖಾತೆ ತೆರೆಯಲು ಬರುವುದು ಅವನ ಅಂಗಡಿಗೇ. ಅಕ್ಕಿ, ಎಣ್ಣೆ ಕೊಡುವಾಗ ಮನೆಯಲ್ಲಿ ಎಷ್ಟು ಜನ, ಕೂಸು ಇದೆಯಾ, ವಯಸ್ಸಾದವರು ಇದ್ದಾರಾ ಅಂತ ಕೇಳಿ ಬರೆಯುತ್ತಾನೆ. ಶಾಲೆ ಯಾವ ಕಡೆ ಅಂತ ಕೈ ತೋರಿಸಿ ಹೇಳಿ ಕಳಿಸುತ್ತಾನೆ. ಮೊದಲ ಪುಟದಲ್ಲಿ ಆ ರಾಯಚೂರಿನ ಹುಡುಗಿಯ ಮನೆ ಇದೆ, ಪಕ್ಕದಲ್ಲಿ ಕೂಸಿನ ಹೆಸರೂ ಇದೆ.